ಗುಡ್ಡದಂಚಿನ ಹೊಲದ ಮಂಚಿಕೆಗೆ ಸೌರ ವಿದ್ಯುತ್ತು: ಅಳೆದು ಕಟ್ಟುವ ಬಗೆ

ಗಂಗಾವತಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಹೊಲ ಇರುವುದು ಕೊಪ್ಪಳದ ಕಡೆ, ಬಂಡೆಗುಡ್ಡದ ಬುಡದಲ್ಲಿ. ಅರ್ಧ ಮಸಾರಿ (ಕೆಂಪು ಮಣ್ಣು), ಅರ್ಧ ಎರೆ (ಕಪ್ಪು ಮಣ್ಣು). ಮುಂಗಾರಿಗೆ ಮೆಕ್ಕೆಜೋಳ ಮತ್ತು ಶೇಂಗಾ ಹಾಕುತ್ತೇವೆ. ತೆನೆ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಗುಡ್ಡದಿಂದ ಕಾಡುಹಂದಿಗಳು ಇಳಿಯುತ್ತವೆ. ಒಮ್ಮೊಮ್ಮೆ ಕರಡಿಯೂ ಬರುತ್ತದೆ. ಆಗಿನಿಂದ ರಾಶಿ (ಒಕ್ಕಣೆ) ಮುಗಿಯುವವರೆಗೆ ನಮ್ಮ ದೊಡ್ಡಪ್ಪ ರಾತ್ರಿಯೆಲ್ಲ ಮಂಚಿಕೆಯ, ಎಂದರೆ ಬೆಳೆ ಕಾಯಲು ಎತ್ತರಕ್ಕೆ ಕಟ್ಟಿದ ಅಟ್ಟದ, ಮೇಲೆಯೇ ಇರುತ್ತಾರೆ. ಕರೆಂಟಿನ ಕಂಬ ಅಲ್ಲಿಗೆ ಬಂದಿಲ್ಲ. ಕಂಬ ಬಂದಿರುವ ಹೊಲಗಳಲ್ಲೂ ಪಂಪ್‌ಸೆಟ್ ಲೈನಿಗೆ ತ್ರೀಫೇಸ್ ಸಿಗುವುದು ಕೆಲವೇ ತಾಸು. ಹೀಗಾಗಿ ಇಂಥ ಮಂಚಿಕೆಗಳಿಗೆ ಪುಟ್ಟದೊಂದು ಸೋಲಾರ್ ಸೆಟ್ ಹೊಂದಿಸಿ ಕೊಡುವುದು ಈಚೆಗೆ ನನ್ನ ಕೆಲಸದ ಒಂದು ಭಾಗವೇ ಆಗಿದೆ.

ರಿಪೇರಿಗೆಂದು ಅಂಗಡಿಗೆ ಬರುವ ಸೆಟ್‌ಗಳಲ್ಲಿ ಪ್ಯಾನೆಲ್ ಕೆಟ್ಟಿರುವುದು ತೀರ ಅಪರೂಪ. ಕೆಟ್ಟಿರುವುದು ಜಾಯಿಂಟು, ತೆಳುವಾದ ವೈರು, ನೀರಿಳಿದ ಬ್ಯಾಟರಿ ಡಬ್ಬಿ, ಬಿಸಿಲಿಗೆ ಬೆಂದ ಬ್ಯಾಟರಿ. ಆದರೂ ಜನ ದುಡ್ಡು ಸುರಿಯುವುದು ದೊಡ್ಡ ಪ್ಯಾನೆಲ್‌ಗೆ, ಉಳಿಸುವುದು ವೈರಿನಲ್ಲಿ. ಪ್ಯಾನೆಲ್ ಸಣ್ಣದೇ ಇರಲಿ. ಉಳಿದ ಹಣವನ್ನು ವೈರು, ಲಗ್ಗು (ವೈರಿನ ತುದಿಗೆ ತೊಡಿಸುವ ಲೋಹದ ತುಂಡು), ಫ್ಯೂಸು, ಡಬ್ಬಿಗೆ ಹಾಕಿ ಎಂದು ನಾನು ಬಂದವರಿಗೆಲ್ಲ ಹೇಳುತ್ತೇನೆ.

ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಮಾತು. ನಾನು ಹೇಳುತ್ತಿರುವುದು ಬೆಳೆ ಕಾಯುವ ಮಂಚಿಕೆಯ ಬಗ್ಗೆ ಮಾತ್ರ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ, ಬೇಟೆ ಅಪರಾಧ. ಕರಡಿ ಮತ್ತು ಚಿರತೆ ಆ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಗಳು. ಕರಡಿಗಳಿಗೆಂದೇ 1994ರಲ್ಲಿ ದರೋಜಿ ಧಾಮ ಘೋಷಣೆಯಾದ ಸೀಮೆ ನಮ್ಮದು. ಬೇಟೆಗೆಂದು ಸರ್ಚ್‌ಲೈಟ್ ಕೇಳಿಕೊಂಡು ಬಂದವರಿಗೆ ನಾನು ಸೆಟ್ ಕಟ್ಟಿಕೊಡುವುದಿಲ್ಲ. ಲೈನಿನ ಕರೆಂಟನ್ನು ತಂತಿಬೇಲಿಗೆ ನೇರವಾಗಿ ಕೊಡುವುದಂತೂ ಕೊಲೆಗೆ ಸಮಾನ. ರಾತ್ರಿ ನೀರು ಕಟ್ಟಲು ಹೋದ ಪಕ್ಕದ ಹೊಲದವನೇ ಆ ತಂತಿಗೆ ಸಿಗುತ್ತಾನೆ. ಬೇಲಿ ಬೇಕೇಬೇಕೆಂದರೆ ಕ್ಷಣಮಾತ್ರದ ಮಿಡಿತವನ್ನಷ್ಟೇ ಕೊಡುವ ಸೋಲಾರ್ ಬೇಲಿಯ ಯಂತ್ರ ಬೇರೆಯೇ ಇದೆ. ಅದನ್ನು ತಿಳಿದವರಿಂದಲೇ ಹಾಕಿಸಿ.

ಈಗ ಲೆಕ್ಕ. ಅಂಗಡಿಗೆ ಹೋಗಿ ‘ಎಷ್ಟು ವ್ಯಾಟಿನ ಪ್ಯಾನೆಲ್ ಕೊಡುತ್ತೀರಿ’ ಎಂದು ಕೇಳುವ ಮೊದಲು ಒಂದು ರಾತ್ರಿಗೆ ಏನೇನು ಬೇಕೆಂದು ಚೀಟಿಯಲ್ಲಿ ಬರೆಯಿರಿ. ದೊಡ್ಡಪ್ಪನ ಚೀಟಿ ಹೀಗಿದೆ. ಮಂಚಿಕೆಯ ಅಡಿಯಲ್ಲಿ ಹೊಲದ ಕಡೆ ಮುಖ ಮಾಡಿದ 5 ವ್ಯಾಟಿನ ಎಲ್‌ಇಡಿ, ಬಿಟ್ಟು ಬಿಟ್ಟು ಒಟ್ಟು 4 ತಾಸು: 20 ವ್ಯಾಟ್-ಅವರ್ (ವ್ಯಾಟನ್ನು ತಾಸಿನಿಂದ ಗುಣಿಸಿದ್ದು). ಏಣಿಯ ಬುಡಕ್ಕೆ 1 ವ್ಯಾಟಿನ ದೀಪ, ಸಂಜೆಯಿಂದ ಬೆಳಗಿನವರೆಗೆ 11 ತಾಸು: 11. ಕೈಬ್ಯಾಟರಿ (ಟಾರ್ಚ್) ಚಾರ್ಜಿಗೆ 10, ಮೊಬೈಲಿಗೆ 12, ರೇಡಿಯೊಗೆ 9, ಆಗೊಮ್ಮೆ ಈಗೊಮ್ಮೆ ಕೂಗಿಸುವ ಸಣ್ಣ ಸೈರನ್‌ಗೆ 3. ಎಲ್ಲ ಕೂಡಿಸಿದರೆ 65. ಇಷ್ಟೇ. ಇದಕ್ಕೆ 10 ವ್ಯಾಟಿನ ಒಂದು ಡಿಸಿ ಫ್ಯಾನ್ ಸೇರಿಸಿ 7 ತಾಸು ತಿರುಗಿಸಿದರೆ ಅದೊಂದೇ 70 ತಿನ್ನುತ್ತದೆ. ಅಂದರೆ ಪ್ಯಾನೆಲ್, ಬ್ಯಾಟರಿ ಎರಡೂ ದುಪ್ಪಟ್ಟಾಗಬೇಕು. ಗುಡ್ಡದ ಬುಡದಲ್ಲಿ, ನೆಲದಿಂದ ಎಂಟು ಅಡಿ ಎತ್ತರದಲ್ಲಿ, ಶ್ರಾವಣ ಭಾದ್ರಪದದ ರಾತ್ರಿ ಫ್ಯಾನಿನ ಅಗತ್ಯ ನನಗಂತೂ ಕಾಣುವುದಿಲ್ಲ.

65ಕ್ಕೆ ಎಷ್ಟು ಪ್ಯಾನೆಲ್? ‘12 ವೋಲ್ಟ್’ ಎಂದು ಮಾರುವ 40 ವ್ಯಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಸುಮಾರು 2.2 ಆಂಪಿಯರ್ ಕೊಡುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ದಿನಕ್ಕೆ 5 ತಾಸಿಗೂ ಮಿಕ್ಕಿ ಪೂರ್ಣ ಬಿಸಿಲು ಸಿಕ್ಕೀತು. ಆದರೆ ನಾವು ಕಾವಲಿರುವುದು ಮಳೆಗಾಲದಲ್ಲಿ, ಆದ್ದರಿಂದ 4 ತಾಸು ಎಂದೇ ಹಿಡಿಯಿರಿ. 2.2ನ್ನು 4ರಿಂದ, ಅದನ್ನು ಬ್ಯಾಟರಿಯ 13 ವೋಲ್ಟಿನಿಂದ ಗುಣಿಸಿದರೆ 115 ವ್ಯಾಟ್-ಅವರ್ ಆಸುಪಾಸು ಬರುತ್ತದೆ. ಮೋಡ ಕವಿದ ದಿನ ಇದು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಆ ಕೊರತೆಯನ್ನು ತುಂಬುವುದು ಬ್ಯಾಟರಿ, ಆದ್ದರಿಂದ ಅದರಲ್ಲಿ ಎರಡು ರಾತ್ರಿಗೆ ಸಾಲುವಷ್ಟು, ಎಂದರೆ 130 ವ್ಯಾಟ್-ಅವರ್, ಬಳಸಲು ಸಿಗುವಂತಿರಬೇಕು. 12.8 ವೋಲ್ಟಿನ, 12 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದಕ್ಕೆ ಸರಿಯಾಗಿ ಸಾಲುತ್ತದೆ. ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು; 26 ಆಂಪಿಯರ್-ಅವರ್‌ನದು ಬೇಕಾಗುತ್ತದೆ. ಅದರ ತೂಕ ಎಂಟು ಕಿಲೋ ಆಸುಪಾಸು, ಲಿಥಿಯಂನದು ಒಂದೂವರೆ ಕಿಲೋ. ಹೊತ್ತು ಸಾಗಿಸುವವರು ವಯಸ್ಸಾದವರಾದರೆ ಲಿಥಿಯಂಗೇ ಹೋಗಿ. ಬೈಕಿನ ಹಳೆಯ ಬ್ಯಾಟರಿ ತಂದು ಜೋಡಿಸುವುದು ಬೇಡ. ಅದು ಗಾಡಿ ಚಾಲೂ ಮಾಡಲು ಒಮ್ಮೆಗೇ ಹೆಚ್ಚು ಕರೆಂಟು ಕೊಡಲೆಂದು ಮಾಡಿದ್ದು. ರಾತ್ರಿಯೆಲ್ಲ ನಿಧಾನವಾಗಿ ಬತ್ತಿಸಿದರೆ ಒಂದು ಹಂಗಾಮಿನಲ್ಲೇ ಸಾಯುತ್ತದೆ.

ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ಕಂಟ್ರೋಲರ್ 10 ಆಂಪಿಯರ್‌ನ, ಪಿಡಬ್ಲ್ಯುಎಂ ಎಂಬ ಸಾದಾ ಬಗೆಯದು ಸಾಕು. ಇಷ್ಟು ಸಣ್ಣ ಸೆಟ್ಟಿಗೆ ಎಂಪಿಪಿಟಿ ಎಂಬ ದುಬಾರಿ ಬಗೆಯಿಂದ ಸಿಗುವ ಲಾಭ ಕಡಿಮೆ. ಆದರೆ ಅದರಲ್ಲಿ ಬ್ಯಾಟರಿಯ ಜಾತಿ ಆರಿಸುವ ಬಟನ್ ಇರಲೇಬೇಕು. ಲಿಥಿಯಂ ಹಾಕಿ ಕಂಟ್ರೋಲರನ್ನು ಲೆಡ್ ಆಸಿಡ್ ಸೆಟ್ಟಿಂಗಿನಲ್ಲೇ ಬಿಟ್ಟವರನ್ನು ಕಂಡಿದ್ದೇನೆ.

ಪ್ಯಾನೆಲನ್ನು ಮಂಚಿಕೆಯ ಮಾಡಿನ ಮೇಲೆ ಕಟ್ಟಬೇಡಿ. ಇದು ಎಲ್ಲರಿಗೂ ಮೊದಲು ಹೊಳೆಯುವ ಜಾಗ, ಆದರೆ ಎಲ್ಲಕ್ಕಿಂತ ಕೆಟ್ಟ ಜಾಗ. ಆಷಾಢದ ಗಾಳಿಗೆ ಮಂಚಿಕೆ ಅಲುಗುತ್ತದೆ. ಕುಷ್ಟಗಿ, ಯಲಬುರ್ಗಾದಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಈ ಗಾಳಿಯನ್ನು ನಂಬಿಯೇ. ಅಲುಗಿದಷ್ಟೂ ಜಾಯಿಂಟು ಸಡಿಲವಾಗುತ್ತದೆ. ಜೋಳದ ಸೊಪ್ಪೆ ಹೊದಿಸಿದ ಮಾಡಿನ ಮೇಲೆ ಪ್ಯಾನೆಲ್ ಅಂಟಿ ಕೂತರೆ ಬೆನ್ನಿಗೆ ಗಾಳಿಯಾಡುವುದಿಲ್ಲ. ಸುಡು ಬಿಸಿಲಿನಲ್ಲಿ ಪ್ಯಾನೆಲ್ಲಿನ ಬಿಸಿ 60 ಡಿಗ್ರಿ ದಾಟುತ್ತದೆ, 25ರ ಮೇಲೆ ಏರುವ ಪ್ರತಿ ಡಿಗ್ರಿಗೂ ಶೇಕಡ 0.4ರಷ್ಟು ಶಕ್ತಿ ಸೋರುತ್ತದೆ. ಹಾಗಾಗಿ ಮಂಚಿಕೆಯಿಂದ ಆರೆಂಟು ಅಡಿ ದೂರದಲ್ಲಿ, ದಕ್ಷಿಣದ ಬದಿಗೆ, ಒಂದೂವರೆ ಇಂಚಿನ ಜಿಐ ಪೈಪ್ ನಿಲ್ಲಿಸಿ. ಮಸಾರಿ ನೆಲದಲ್ಲಿ ಎರಡಡಿ ಗುಂಡಿ ಸಾಕು. ಎರೆಯಲ್ಲಿ ಮೂರಡಿ ತೋಡಿ. ತೋಡಿದ ಎರೆಮಣ್ಣನ್ನೇ ಮತ್ತೆ ತುಂಬದೆ ಗರಸು ಮತ್ತು ಕಲ್ಲು ಹಾಕಿ ಗಡಾರಿಯಿಂದ ಬಡಿಯಿರಿ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಆ ಮಣ್ಣು ಎಂಥ ಕಂಬವನ್ನೂ ವಾಲಿಸಿಬಿಡುತ್ತದೆ.

ಸುತ್ತ ಬಳ್ಳಾರಿ ಜಾಲಿಯೋ ಬೇವೋ ಇದ್ದರೆ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಅದರ ನೆರಳು ಎಲ್ಲಿಗೆ ಬೀಳುತ್ತದೆಂದು ಒಂದು ದಿನ ನೋಡಿದ ಮೇಲೆಯೇ ಗುಂಡಿ ತೋಡಿ. ಪ್ಯಾನೆಲ್ಲಿನ ಒಳಗಿನ ತುಂಡುಗಳೆಲ್ಲ ಒಂದರ ಬಾಲ ಇನ್ನೊಂದು ಹಿಡಿದು ಸಾಲಾಗಿವೆ. ಒಂದರ ಮೇಲೆ ನೆರಳು ಬಿದ್ದರೆ ಸಾಲಿನ ಕರೆಂಟೆಲ್ಲ ತಗ್ಗುತ್ತದೆ. ನಂಬಿಕೆ ಬಾರದವರಿಗೆ ನಾನು ಮಲ್ಟಿಮೀಟರ್ ಹಚ್ಚಿ ತೋರಿಸುತ್ತೇನೆ. ಬಿಸಿಲಿನಲ್ಲಿ ಎರಡು ಆಂಪಿಯರ್ ಮೀರಿ ನಿಂತ ಅಂಕಿ, ಪ್ಯಾನೆಲ್ಲಿನ ಒಂದು ಮೂಲೆಗೆ ಅಂಗೈ ಅಡ್ಡ ಹಿಡಿದ ಕೂಡಲೇ ಇಳಿದುಬಿಡುತ್ತದೆ. ಮುಚ್ಚಿದ್ದು ಅಂಗೈಯಗಲ, ಹೋದದ್ದು ಹೆಚ್ಚುಪಾಲು.

ದಿಕ್ಕಿನ ವಿಷಯ. ಪ್ಯಾನೆಲ್ಲಿನ ಮುಖ ದಕ್ಷಿಣಕ್ಕೆ, ಬಾಗು 15 ಡಿಗ್ರಿ. ನಮ್ಮೂರು ಇರುವುದೇ 15ನೆಯ ಅಕ್ಷಾಂಶದ ಹತ್ತಿರ. ಡಿಗ್ರಿ ಅಳೆಯುವ ಸಾಧನ ಬೇಕಿಲ್ಲ. 67 ಸೆಂಟಿಮೀಟರ್ ಉದ್ದದ ಪ್ಯಾನೆಲ್ಲಿನ ಮೇಲಂಚು ಕೆಳಗಿನ ಅಂಚಿಗಿಂತ 17 ಸೆಂಟಿಮೀಟರ್ ಎತ್ತರದಲ್ಲಿದ್ದರೆ 15 ಡಿಗ್ರಿಯೇ. ದಕ್ಷಿಣ ಗುರುತಿಸಲು ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಪೈಪಿನ ಪಕ್ಕ ಹಿಡಿಯಬೇಡಿ, ತಪ್ಪು ತೋರಿಸುತ್ತದೆ. ನೆಟ್ಟಗೆ ಒಂದು ಕೋಲು ನೆಟ್ಟು, ದಿನದಲ್ಲೇ ಅತಿ ಗಿಡ್ಡ ನೆರಳಿನ ಗೆರೆ ಎಳೆಯಿರಿ. ನಮ್ಮಲ್ಲಿ ಅದು ಸರಿಯಾಗಿ 12ಕ್ಕೆ ಬೀಳುವುದಿಲ್ಲ. ಗಡಿಯಾರದ ಸಮಯ ನಮಗಿಂತ ಪೂರ್ವದ ರೇಖಾಂಶದ್ದಾದ್ದರಿಂದ ಸುಮಾರು 12.25ಕ್ಕೆ, ತಿಂಗಳಿನ ಮೇಲೆ ಹತ್ತು ಹದಿನೈದು ನಿಮಿಷ ಹಿಂದುಮುಂದಾಗಿ ಬೀಳುತ್ತದೆ. ರಾತ್ರಿಯಾದರೆ ಧ್ರುವ ನಕ್ಷತ್ರಕ್ಕೆ ಬೆನ್ನು ಮಾಡಿ ನಿಂತರಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಕೋಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆ ದಿನಗಳಲ್ಲಿ ಪ್ಯಾನೆಲನ್ನು ಬಹುತೇಕ ಮಟ್ಟಸವಾಗಿಟ್ಟರೆ ಲಾಭ. ಆದರೆ ನೀರು ಮತ್ತು ಧೂಳು ಜಾರಿಹೋಗಲು ಐದಾರು ಡಿಗ್ರಿಯ ಇಳಿಜಾರು ಇರಲಿ. ಹಿಂಗಾರಿ ಬಿಳಿಜೋಳಕ್ಕೆ ಕಾಳು ಕಟ್ಟುವಾಗ, ಡಿಸೆಂಬರ್, ಜನವರಿಯಲ್ಲಿ, ಸೂರ್ಯ ದಕ್ಷಿಣಕ್ಕೆ ತಗ್ಗುತ್ತಾನೆ. ಆಗ ಮೇಲಂಚನ್ನು 30 ಸೆಂಟಿಮೀಟರಿಗಿಂತ ತುಸು ಹೆಚ್ಚು ಎತ್ತಿ. ಕ್ಲಾಂಪಿಗೆ ಎರಡು ಬೋಲ್ಟ್ ಹಾಕಿ ಬಾಗು ಬದಲಿಸುವಂತೆ ಮಾಡಿಸಿಕೊಂಡರೆ ಹಂಗಾಮಿಗೊಮ್ಮೆ ಪಾನಾ ತಿರುಗಿಸುವ ಕೆಲಸವಷ್ಟೇ.

ಇನ್ನು ವೈರು. ಪ್ಯಾನೆಲ್ಲಿನಿಂದ ಡಬ್ಬಿಗೆ ಏರಿಳಿತ, ಸುತ್ತು ಎಲ್ಲ ಸೇರಿ 10 ಮೀಟರ್ ಎಂದುಕೊಳ್ಳಿ. ಹೋಗಿ ಬರಲು ತಾಮ್ರದ ದಾರಿ 20 ಮೀಟರ್. 1 ಚದರ ಮಿಲಿಮೀಟರ್ ವೈರಿನಲ್ಲಿ 2 ಆಂಪಿಯರ್ ಹರಿದರೆ ಮುಕ್ಕಾಲು ವೋಲ್ಟ್ ದಾರಿಯಲ್ಲೇ ಕರಗುತ್ತದೆ, 2.5ರ ವೈರಿನಲ್ಲಿ 0.3 ವೋಲ್ಟ್ ಮಾತ್ರ. ಮನೆಯ 230 ವೋಲ್ಟಿನಲ್ಲಿ ಮುಕ್ಕಾಲು ವೋಲ್ಟಿಗೆ ಲೆಕ್ಕವಿಲ್ಲ. 12 ವೋಲ್ಟಿನಲ್ಲಿ ಅದು ದೊಡ್ಡ ಗಂಟು. ಆದ್ದರಿಂದ ಪ್ಯಾನೆಲ್ ಕಡೆಗೆ ಬಿಸಿಲು ತಡೆಯುವ 2.5ರ ಸೋಲಾರ್ ಕೇಬಲ್ಲನ್ನೇ ಕೊಳ್ಳಿ. ಮಂಟಪಕ್ಕೆ ಸೀರಿಯಲ್ ಸೆಟ್ ಕಟ್ಟುವ ಅವಳಿ ವೈರು ಇಲ್ಲಿ ಬೇಡ.

ಜಾಯಿಂಟಿನ ಬಗ್ಗೆ ಹೇಳದೆ ನನಗೆ ಸಮಾಧಾನವಾಗದು. ಕೆಟ್ಟು ಬಂದ ಸೆಟ್ಟಿನ ಟೇಪು ಬಿಚ್ಚಿದರೆ ಒಳಗೆ ಏನಿರುತ್ತದೆ? ಅಂಟು ಕರಗಿ ಜಿಗಟಾಗಿರುತ್ತದೆ, ಅದಕ್ಕೆ ಕೆಂಪು ಧೂಳು ಮೆತ್ತಿರುತ್ತದೆ, ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು ಏರಿರುತ್ತದೆ. ಬೆರಳು ತಾಗಿಸಿದರೆ ಒಣ ಹುಲ್ಲಿನಂತೆ ಮುರಿಯುತ್ತವೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯೇ; ಮೀಟರ್ ಹಚ್ಚಿದರೆ ಪ್ಯಾನೆಲ್ ಕಡೆ 20 ವೋಲ್ಟ್, ಡಬ್ಬಿಯ ಕಡೆ ಏನೂ ಇಲ್ಲ. ಹೀಗಾಗದಿರಲು ತೆರೆದ ಜಾಗದಲ್ಲಿ ಹೊಸೆದು ಟೇಪು ಸುತ್ತುವುದನ್ನೇ ಬಿಟ್ಟುಬಿಡಿ. ವೈರಿನ ತುದಿಯ ಸಿಪ್ಪೆಯನ್ನು ಲಗ್ಗಿನ ಆಳದಷ್ಟೇ ಸುಲಿಯಿರಿ, ಒಂದೆಳೆಯೂ ಕಡಿಯಬಾರದು. ಅಳತೆಗೆ ಸರಿಯಾದ ತಾಮ್ರದ ಲಗ್ ತೊಡಿಸಿ, ಕ್ರಿಂಪಿಂಗ್ ಉಪಕರಣದಿಂದಲೇ ಒತ್ತಿ; ಇಕ್ಕಳದಿಂದ ಒತ್ತಿದರೆ ಬಾಯಿ ಮುಚ್ಚಿದಂತೆ ಕಾಣುತ್ತದೆ, ಆದರೆ ಹಿಡಿತ ಬರುವುದಿಲ್ಲ. ಎಳೆದು ನೋಡಿ. ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಿ. ಪ್ಯಾನೆಲ್ ಕಡೆಗೆ ಎಂಸಿ4 ಎಂಬ, ನೀರಿಳಿಯದ ಸೋಲಾರ್ ಕನೆಕ್ಟರ್ ಇರಲಿ. ವೈರು ಡಬ್ಬಿಯೊಳಗೆ ಹೋಗುವ ಮುನ್ನ ಒಂದು ಗೇಣು ಕೆಳಕ್ಕೆ ಜೋಲಿ ಮತ್ತೆ ಮೇಲೇರಬೇಕು, ಮಳೆಹನಿ ಆ ತಗ್ಗಿನಲ್ಲೇ ಉದುರಿಹೋಗುತ್ತದೆ. ಡಬ್ಬಿಯ ತೂತು ಯಾವತ್ತೂ ತಳದಲ್ಲಿರಲಿ, ನೆತ್ತಿಯಲ್ಲಲ್ಲ. ನೆಲಕ್ಕೆ ಹತ್ತಿರವಿರುವ ವೈರನ್ನೆಲ್ಲ ಗಟ್ಟಿ ಪೈಪಿನೊಳಗೆ ತೂರಿಸಿ. ಇಲಿಗೂ ಮುಸಿಯಗಳಿಗೂ ಜೋತ ವೈರು ಕಂಡರೆ ಸುಮ್ಮನಿರಲಾಗುವುದಿಲ್ಲ. ಆನೆಗೊಂದಿ ಸುತ್ತಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡಬ್ಬಿಯನ್ನು ಮಂಚಿಕೆಯ ಉತ್ತರದ ಕಾಲಿಗೆ, ಎದೆಮಟ್ಟದಲ್ಲಿ, ನೆರಳಿರುವಲ್ಲಿ ಬಿಗಿಯಿರಿ. ಲಿಥಿಯಂ ಬ್ಯಾಟರಿಗೂ ಬಿಸಿ ಶತ್ರುವೇ. ತಗಡಿನ ಮಾಡಿನ ಕೆಳಗೆ ಇಟ್ಟರೆ ಆಯುಸ್ಸು ಅರ್ಧವಾಗುತ್ತದೆ. ಲೆಡ್ ಆಸಿಡ್ ಆದರೆ ಡಬ್ಬಿಯನ್ನು ಪೂರ್ತಿ ಮುಚ್ಚಬೇಡಿ, ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಸೊಳ್ಳೆಪರದೆಯ ತಂತಿಬಲೆ ಹಚ್ಚಿದ ಎರಡು ಕಿಂಡಿ ಬೇಕು. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ 5 ಆಂಪಿಯರ್ ಫ್ಯೂಸ್ ಹಾಕಿ. ಸೊಪ್ಪೆಯ ಮಾಡು, ಕಟ್ಟಿಗೆಯ ಹಾಸು, ಅದರ ಮೇಲೆ ಮಲಗಿದ ಮನುಷ್ಯ; ಕೆಳಗೆ ವೈರು ಶಾರ್ಟ್ ಆಗಿ ಕೆಂಪಗಾದರೆ ಏನಾಗಬಹುದೆಂದು ಯೋಚಿಸಿ. ಹತ್ತು ರೂಪಾಯಿಯ ಆ ಫ್ಯೂಸಿಲ್ಲದ ಸೆಟ್ಟನ್ನು ನಾನು ಯಾರ ಕೈಗೂ ಕೊಡುವುದಿಲ್ಲ.

ಜೋಡಿಸುವ ಕ್ರಮ ತಪ್ಪಬಾರದು: ಮೊದಲು ಕಂಟ್ರೋಲರಿಗೆ ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ದೀಪಗಳು. ಬಿಚ್ಚುವಾಗ ಇದಕ್ಕೆ ತಿರುಗುಮುರುಗು. ಬ್ಯಾಟರಿಯಿಲ್ಲದೆ ಪ್ಯಾನೆಲ್ಲಿನ 20 ವೋಲ್ಟನ್ನು ನೇರ ಕೊಟ್ಟರೆ ಕೆಲವು ಕಂಟ್ರೋಲರ್‌ಗಳು ಅದನ್ನು 24 ವೋಲ್ಟಿನ ಸೆಟ್ ಎಂದು ತಿಳಿಯುತ್ತವೆ, ಕೆಲವು ಸುಟ್ಟೇಹೋಗುತ್ತವೆ. ಪ್ಯಾನೆಲ್ ಜೋಡಿಸುವಾಗ ಅದರ ಮೇಲೊಂದು ಗೋಣಿಚೀಲ ಹೊದಿಸಿಕೊಂಡರೆ ಕಿಡಿಯ ಭಯವಿಲ್ಲ.

ದೀಪ ಎಲ್ಲಿಡಬೇಕೆಂಬುದನ್ನು ನನಗೆ ಕಲಿಸಿದವರು ದೊಡ್ಡಪ್ಪ. “ದೀಪ ನನ್ನ ಕಣ್ಣಿಗೆ ಬೀಳಬಾರದು ತಮ್ಮಾ, ಹೊಲಕ್ಕೆ ಬೀಳಬೇಕು” ಎಂದರು. ತಲೆಯ ಮೇಲೆ ಬಲ್ಬು ಉರಿದರೆ ಕೂತವನಿಗೆ ಆಚೆ ಕತ್ತಲೆಯಲ್ಲದೆ ಏನೂ ಕಾಣುವುದಿಲ್ಲ. ಆದ್ದರಿಂದ ದೊಡ್ಡ ದೀಪ ಹಾಸಿನ ಅಡಿಯಲ್ಲಿ, ಹೊರಮುಖವಾಗಿರಲಿ, ಸ್ವಿಚ್ ಮಾತ್ರ ಕೈಗೆಟುಕುವಲ್ಲಿ. ಬಿಳಿ ಬೆಳಕಿಗಿಂತ ಹಳದಿ ಬೆಳಕಿಗೆ ಹುಳ ಮುತ್ತುವುದು ಕಡಿಮೆ. ಹುಳ ಬಂದರೆ ಕಪ್ಪೆ ಬರುತ್ತದೆ, ಕಪ್ಪೆಯ ಬೆನ್ನಿಗೇ ಹಾವು. ನನ್ನ ಮಟ್ಟಿಗೆ ಇಡೀ ಸೆಟ್ಟಿನಲ್ಲಿ ಅತಿ ಮುಖ್ಯವಾದದ್ದು ಏಣಿಯ ಬುಡದ ಒಂದು ವ್ಯಾಟಿನ ದೀಪವೇ. ಶೇಂಗಾ ಹೊಲದಲ್ಲಿ ಕೊಳಕುಮಂಡಲ ಸುಳಿಯುವ ದಿನಗಳಲ್ಲಿ ಕತ್ತಲಲ್ಲಿ ಕಾಲಿಡುವ ಮೆಟ್ಟಿಲು ಕಾಣಲೇಬೇಕು. ಬೇರೆಲ್ಲ ಆರಿದರೂ ಅದು ಉರಿಯುವಂತೆ ಬೇರೆ ಸ್ವಿಚ್ ಕೊಡಿ.

ಬದುವಿನ ಮೂಲೆಗಳಿಗೆ ಮಂಚಿಕೆಯಿಂದ ವೈರು ಎಳೆಯುವ ಗೊಡವೆ ಬೇಡ. ತನ್ನದೇ ಪುಟ್ಟ ಪ್ಯಾನೆಲ್ ಇರುವ ಮಿನುಗುದೀಪಗಳು ಸಿಗುತ್ತವೆ, ಅವನ್ನು ಹಂದಿಯ ಕಣ್ಣಿನ ಎತ್ತರಕ್ಕೆ, ಒಂದೂವರೆ ಎರಡು ಅಡಿಗೆ ಕಟ್ಟಿ. ಒಂದೇ ಜಾಗದಲ್ಲಿ ವಾರಗಟ್ಟಲೆ ಮಿನುಗಿದರೆ ಹಂದಿಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ನಾಲ್ಕೈದು ದಿನಕ್ಕೊಮ್ಮೆ ಜಾಗ ಬದಲಿಸುತ್ತಿರಿ. ಸೈರನ್ನೂ ಹಾಗೆಯೇ, ಸುಮ್ಮಸುಮ್ಮನೆ ಕೂಗಿಸಿ ಸವೆಸಬೇಡಿ.

ಕರಡಿ ಬಂದರೆ ಮಾತ್ರ ಕೆಳಗಿಳಿಯಬೇಡಿ. ಬೆಳಕು ಬಿಟ್ಟು ಮೇಲಿನಿಂದಲೇ ಕೂಗಿ, ಅದಕ್ಕೆ ಗುಡ್ಡದ ಕಡೆ ಹೋಗಲು ದಾರಿ ಬಿಡಿ. ಹತ್ತಿರದಲ್ಲಿ ದಿಢೀರನೆ ಎದುರಾದಾಗಲೇ ಅದು ಮೇಲೆ ಬೀಳುವುದು. ಬೆಳಗಿನ ಜಾವ ಇಳಿಯುವಾಗಲೂ ಜೋರಾಗಿ ಮಾತಾಡುತ್ತ ಇಳಿಯಿರಿ. ಪ್ರಾಣಿ ಬಾವಿಯಲ್ಲಿ ಬಿದ್ದಿದ್ದರೆ, ಗಾಯಗೊಂಡಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಬೆಳೆ ತುಳಿದಿದ್ದರೆ ಬೆಳಕಾದ ಕೂಡಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಪರಿಹಾರದ ಅರ್ಜಿಗೆ ಬೇಕಾಗುತ್ತದೆ. ಮೊಬೈಲ್ ಚಾರ್ಜಿಗೆ 12 ವ್ಯಾಟ್-ಅವರ್ ಮೀಸಲಿಟ್ಟಿದ್ದು ಇದಕ್ಕೂ ಸೇರಿಸಿಯೇ.

ಗುಡುಗು ಕೇಳಿಸಿದ ಕ್ಷಣ ಮಂಚಿಕೆ ಬಿಡಬೇಕು. ಬಯಲಿನಲ್ಲಿ ಎತ್ತರಕ್ಕೆ ನಿಂತ ಮಂಚಿಕೆಯೂ ಪಕ್ಕದ ಕಬ್ಬಿಣದ ಪೈಪೂ ಸಿಡಿಲಿಗೆ ಹೇಳಿ ಮಾಡಿಸಿದ ಜಾಗ. ಬೆಳೆ ಹೋದರೆ ಹೋಗಲಿ. ಮರದಡಿಗೂ ಹೋಗಬೇಡಿ, ಪಕ್ಕಾ ಕಟ್ಟಡಕ್ಕೆ ಹೋಗಿ. ಮಳೆಯ ಲಕ್ಷಣ ಕಂಡ ಸಂಜೆ ಮೊದಲೇ ದೀಪಗಳನ್ನು ಆರಿಸಿ ಎಂಸಿ4 ಕನೆಕ್ಟರ್ ಬಿಚ್ಚಿಟ್ಟರೆ ಕಂಟ್ರೋಲರ್ ಉಳಿಯುವ ಸಂಭವ ಹೆಚ್ಚು.

ನಿರ್ವಹಣೆ ಹೆಚ್ಚಿಲ್ಲ. ವಾರಕ್ಕೊಮ್ಮೆ, ಬಿಸಿಲೇರುವ ಮೊದಲು, ಒದ್ದೆ ಬಟ್ಟೆಯಿಂದ ಪ್ಯಾನೆಲ್ ಒರೆಸಿ. ಬೋರಿನ ನೀರು ಗಡಸು, ಒಣಗಿದ ಮೇಲೆ ಗಾಜಿನ ಮೇಲೆ ಬಿಳಿ ಪೊರೆ ಉಳಿಯುತ್ತದೆ. ಊರಿನ ಶುದ್ಧ ನೀರಿನ ಘಟಕದ ಒಂದು ತಂಬಿಗೆ ನೀರು ಸಾಕು. ಬೆಳಿಗ್ಗೆ ಬಿಸಿಲು ಬೀಳುವ ಮುನ್ನ ಬ್ಯಾಟರಿಯ ವೋಲ್ಟ್ ನೋಡುವ ರೂಢಿ ಇಟ್ಟುಕೊಳ್ಳಿ. ಲಿಥಿಯಂ 13ರ ಮೇಲಿದ್ದರೆ ನಿಶ್ಚಿಂತೆ, 12.8ಕ್ಕಿಂತ ಕೆಳಗೆ ಮತ್ತೆ ಮತ್ತೆ ಕಂಡರೆ ಒಂದೋ ಖರ್ಚು ಹೆಚ್ಚಾಗಿದೆ, ಇಲ್ಲ ಪ್ಯಾನೆಲ್ಲಿನ ಮೇಲೆ ಯಾವುದೋ ಕೊಂಬೆ ನೆರಳು ಚಾಚಿದೆ. ಲೆಡ್ ಆಸಿಡ್‌ಗೆ 12.2 ಎಂದರೆ ಅರ್ಧ ಮುಗಿಯಿತು ಎಂದರ್ಥ.

ರಾಶಿ ಮುಗಿದ ಮೇಲೆ ಪ್ಯಾನೆಲ್, ಡಬ್ಬಿ ಎರಡನ್ನೂ ಬಿಚ್ಚಿ ಮನೆಗೆ ತನ್ನಿ, ಪೈಪ್ ಅಲ್ಲೇ ಇರಲಿ. ಲಿಥಿಯಂ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿಟ್ಟು ತಂಪಾದ ಕಡೆ ಇಡಿ. ಲೆಡ್ ಆಸಿಡ್ ಆದರೆ ಪೂರ್ತಿ ತುಂಬಿಸಿ, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿ. ಯಾವ ವೈರು ಯಾವುದಕ್ಕೆ, ಯಾವುದು ಮೊದಲು ಎಂಬುದರ ಚಿತ್ರವನ್ನು ಕೈಯಲ್ಲೇ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಡಿ. ಮುಂದಿನ ಮುಂಗಾರಿಗೆ ಅದನ್ನು ಜೋಡಿಸುವವರು ನೀವೇ ಆಗಿರಬೇಕೆಂದಿಲ್ಲ.